ರೇಡಿಯೊ ಅಗ್ಬೆಕೊ ಲ್ಯಾಪ್‌ಟಾಪ್ ಬಿಚ್ಚಿದ್ದು

ಆ ವರ್ಷ ನನ್ನ ಲ್ಯಾಪ್‌ಟಾಪ್ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಓಡುತ್ತಿರಲಿಲ್ಲ. ಕಾದು ಕೆಂಡವಾಗಿ, ಬುಸುಗುಟ್ಟಿ, ಆರಿಹೋಗುತ್ತಿತ್ತು. ರಾಜಧಾನಿ ಅಕ್ರಾಗೆ ಹೋದಾಗ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿದ್ದವನು ತಿರುಗಿಸಿಯೂ ನೋಡದೆ, "ಬೋರ್ಡ್ ಸತ್ತಿದೆ ಮೇಡಂ, ಹೊಸದು ತಗೊಳ್ಳಿ" ಅಂದುಬಿಟ್ಟ.

ಹೊಸದು ಕೊಳ್ಳುವುದು ನನ್ನಂಥ ಶಾಲೆಯ ಟೀಚರಿಗೆ ಆಗುವ ಮಾತಲ್ಲ. ನಮ್ಮ ಕೆಟಾ ಊರಿನ ಹೆಂಗಸರು ಡೋಲು ಬಡಿದು ಹಾಡುವ ಹಾಡುಗಳನ್ನೆಲ್ಲ ನಾನು ಎರಡು ವರ್ಷದಿಂದ ಅದರಲ್ಲಿ ಬರೆದಿಡುತ್ತಿದ್ದೆ. ಹಾಡುವ ಅಜ್ಜಿಯರ ಮುಂದೆ ಕೂತು, ಅವರು ಒಬ್ಬರಿಗೊಬ್ಬರು "ಆ ಸಾಲು ಹಾಗಲ್ಲ ಕಣೇ" ಎಂದು ಜಗಳವಾಡುವುದನ್ನು ಕೇಳಿಸಿಕೊಂಡು, ಟೈಪು ಮಾಡುವುದು. ಬರೆದದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಂಡಿದ್ದೆ, ಸರಿ. ಬರೆಯಬೇಕಾದದ್ದು ಇನ್ನೂ ಅರ್ಧ ಉಳಿದಿತ್ತು. ಅಜ್ಜಿಯರಿಗೆಲ್ಲ ಎಂಬತ್ತು ದಾಟಿತ್ತು.

ಹಾಗೆ ಮಂಕಾಗಿ, ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲಿ ಎನ್ಯೊನಮ್ ಅಕ್ಕನ ಹತ್ತಿರ ಅಬೊಲೊ ಕೊಳ್ಳಲು ನಿಂತೆ. ಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಅಬೊಲೊವನ್ನು ನಮ್ಮೂರಲ್ಲಿ ಅವಳಷ್ಟು ಮೆತ್ತಗೆ ಯಾರೂ ಮಾಡುವುದಿಲ್ಲ. ಒಲೆಯ ಹಿಂದೆ ಅವಳ ಗಂಡ ಕೂತು ಎಲೆ ಸುತ್ತುತ್ತಿದ್ದರು. ಊರಿಗೆಲ್ಲ ಅವರು ರೇಡಿಯೊ ಅಗ್ಬೆಕೊ. ಮೂವತ್ತು ವರ್ಷ ಈ ಕರಾವಳಿಯ ರೇಡಿಯೊ, ಆಂಪ್ಲಿಫೈಯರ್‌ಗಳನ್ನೆಲ್ಲ ರಿಪೇರಿ ಮಾಡಿದವರು. ಐದು ವರ್ಷದ ಹಿಂದೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿ ಹೋಯಿತು. ಈಗ ಬೆಳಕು ಯಾವುದು, ನೆರಳು ಯಾವುದು ಅನ್ನುವಷ್ಟು ಮಾತ್ರ ತಿಳಿಯುತ್ತಿತ್ತು.

"ಏನೇ ಡೆಲಾಲಿ, ಮುಖ ಇಷ್ಟುದ್ದ ಮಾಡ್ಕೊಂಡಿದೀಯ?" ಅಂದಳು ಎನ್ಯೊನಮ್.

ನಾನು ಅಂಗಡಿಯವನ ಮಾತು ಹೇಳಿದೆ. ಒಲೆಯ ಹಿಂದೆ ಎಲೆ ಸುತ್ತುತ್ತಿದ್ದ ಕೈ ನಿಂತಿತು.

"ಬಿಚ್ಚಿ ನೋಡಿದ್ನೇನಮ್ಮ ಅವ್ನು?"

"ಇಲ್ಲ ಅಣ್ಣ. ಮುಟ್ಲೂ ಇಲ್ಲ."

"ಬಿಚ್ಚದೇನೇ ಸತ್ತಿದೆ ಅಂದ್ನಾ? ಹಂಗಾದ್ರೆ ಅವ್ನು ರಿಪೇರಿಯವನಲ್ಲ, ಕಣಿ ಹೇಳೋನು." ಎಲೆ ಕೆಳಗಿಟ್ಟು, "ನಾನೊಂದ್ಸಲ ನೋಡ್ಲಾ?" ಎಂದರು.

"ನೋಡ್ತಾರಂತೆ!" ಎನ್ಯೊನಮ್ ನಕ್ಕಳು. "ನಿನ್ನೆ ಮೆಣಸಿನಕಾಯಿ ಕೊಡಿ ಅಂದ್ರೆ ಟೊಮ್ಯಾಟೊ ಕೊಟ್ರು ಇವ್ರು."

"ನೋಡೋಕೆ ನೀನಿದೀಯಲ್ಲ," ಅಂದರು ಅಗ್ಬೆಕೊ.

ಅವಳ ನಗು ಅಲ್ಲಿಗೇ ನಿಂತಿತು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಅವರು ಅವಳಿಗೆ ತಮ್ಮ ಒಂದು ಸ್ಕ್ರೂಡ್ರೈವರ್ ಮುಟ್ಟಲು ಬಿಟ್ಟಿರಲಿಲ್ಲ. ಒಮ್ಮೆ ಅವಳು ಅವರ ಮೇಜು ಒರೆಸಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರಂತೆ. ಅವಳು ಉಟ್ಟ ಬಟ್ಟೆಯ ಅಂಚಿಗೆ ಕೈ ಒರೆಸಿಕೊಂಡು, "ಮಂಗಳವಾರ ಬಾ, ಬೆಳಗಿನ ವ್ಯಾಪಾರ ಮುಗಿದ್ಮೇಲೆ," ಎಂದಳು ನನಗೆ. ಅಬೊಲೊ ಒಂದು ಹೆಚ್ಚಿಗೆ ಹಾಕಿದಳು.

ಶಾಲೆಗೆ ರಜೆ ಇತ್ತು. ಮಂಗಳವಾರ ಹತ್ತು ಗಂಟೆಗೆ ಅವರ ಮನೆಗೆ ಹೋದರೆ ಮೇಜು ಬಾಗಿಲ ಬೆಳಕಿಗೆ ಬಂದಿತ್ತು. ಐದು ವರ್ಷ ಮಂಚದ ಕೆಳಗಿದ್ದ ಸಲಕರಣೆಯ ಡಬ್ಬಿಯೂ ಹೊರಬಂದಿತ್ತು. ಅಗ್ಬೆಕೊ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು.

"ಮೊದ್ಲು ಬ್ಯಾಟರಿ," ಎಂದು ಬೆರಳಿನಿಂದಲೇ ಹುಡುಕಿ ತೆಗೆದರು. ಆಮೇಲೆ ಚಾಲೂ ಮಾಡುವ ಗುಂಡಿಯನ್ನು ಒತ್ತಿ ಹಿಡಿದರು. "ಒಳಗೆ ಉಳ್ಕೊಂಡಿರೋ ಕರೆಂಟೂ ಹೋಗ್ಲಿ."

ಎನ್ಯೊನಮ್ ಹಾಲಿನ ಡಬ್ಬಗಳ ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ಅವರು ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಅದು ಇದ್ದ ಜಾಗದಲ್ಲೇ ಚುಚ್ಚಿಟ್ಟಳು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. "ಇಲ್ದಿದ್ರೆ ಉದ್ದದ್ದು ಗಿಡ್ಡದ್ದು ಕಲ್ಸಿಬಿಡ್ತೀರ," ಅಂದಳು. ಅಗ್ಬೆಕೊ ಹಳೆಯ ಪ್ಲಾಸ್ಟಿಕ್ ಕಾರ್ಡೊಂದನ್ನು ಅಂಚಿನ ಸುತ್ತ ಆಡಿಸಿದಾಗ ತಳದ ಮುಚ್ಚಳ ಪಟಪಟ ಸದ್ದು ಮಾಡಿ ಬಿಟ್ಟುಕೊಂಡಿತು.

"ಏನ್ ಕಾಣ್ತಿದೆ ಹೇಳು."

"ಹಸಿರು ಹಲಗೆ. ಮೇಲೆ ಏನೇನೋ ಚುಕ್ಕಿ. ಒಂದು ತಾಮ್ರದ ಕೊಳವೆ ಚಪ್ಪಟೆಯಾಗಿ ಬಾಗ್ಕೊಂಡು ಹೋಗಿದೆ. ಅದ್ರ ತುದೀಲಿ ಬಾಚಣಿಗೆ ಥರ ಹಲ್ಲು. ಪಕ್ಕದಲ್ಲಿ ಪುಟ್ಟ ಫ್ಯಾನು. ಆ ಬಾಚಣಿಗೆ ಮೇಲೆ..." ಅವಳು ಬಗ್ಗಿದಳು. "ಅಯ್ಯೋ, ಹೊಗೆ ಹೋಗೋ ಕಂಡಿನೇ ಮುಚ್ಚಿಹೋಗಿದೆ ರೀ! ನಮ್ಮೊಲೆ ಮಸಿ ಕಟ್ಟಿದಾಗ ಹಿಂಗೇ ಆಗೋದು. ಬೆಂಕಿ ಒಳಗೇ ಉಳ್ಕೊಂಡ್ರೆ ಕಾಯದೇ ಇನ್ನೇನಾಗುತ್ತೆ?"

ಅಗ್ಬೆಕೊ ಮುಖವೆಲ್ಲ ಬಾಯಾಗಿ ನಕ್ಕರು. "ನೋಡಮ್ಮ ಡೆಲಾಲಿ. ಅಕ್ರಾದವನು ಹೇಳ್ದೇ ಇದ್ದದ್ದನ್ನ ಅಬೊಲೊ ಮಾಡೋಳು ಹೇಳಿದ್ಳು."

ಅವರು ಫ್ಯಾನಿನ ತಂತಿಗೆ ಕೈ ಹಾಕಿದಾಗ ಅವಳು ಆ ಕೈಗೆ ಪಟ್ಟನೆ ಹೊಡೆದಳು. "ಜುಟ್ಟು ಹಿಡಿದು ಎಳೀಬೇಡಿ. ಬುಡದಲ್ಲೊಂದು ಬಿಳೀ ತುಂಡಿದೆ, ಅದನ್ನ ಹಿಡೀರಿ." ಹೊರಬಂದ ಕೊಳವೆಯ ಹಲ್ಲುಗಳಿಂದ ಕಡಲ ಮರಳು, ಬಟ್ಟೆಯ ನೂಲು, ಧೂಳು ಎಲ್ಲ ಸೇರಿ ಗಟ್ಟಿಯಾದ ಕಂಬಳಿಯಂಥ ಚೂರು ಕಿತ್ತುಬಂತು. ನಾಚಿಕೆಯಾಯಿತು ನನಗೆ. ದಡದ ಮೇಲೆ ಚಾಪೆ ಹಾಸಿಕೊಂಡು ಟೈಪು ಮಾಡಿದವಳು ನಾನೇ ತಾನೆ!

ಕೊಳವೆಯ ಅಡಿಯಲ್ಲಿ ಹಚ್ಚಿದ್ದ ಪೇಸ್ಟು ಒಣಗಿ ಹಳೆಯ ಗಂಜಿಯಂತೆ ಬಿರುಕುಬಿಟ್ಟಿತ್ತು. ಅಗ್ಬೆಕೊ ಅದನ್ನು ಉಗುರಿನಿಂದ ಮುಟ್ಟಿ, "ಇದು ನಂಗೊತ್ತು!" ಎಂದು ಕೂಗಿದರು. "ಆಂಪ್ಲಿಫೈಯರ್‌ಗೆ ಹಚ್ತಿದ್ನಲ್ಲ, ಶಾಖ ದಾಟಿಸೋಕೆ. ಡಬ್ಬೀಲಿ ಒಂದು ಟ್ಯೂಬು ಒಡೀದೇ ಇದೆ ನೋಡು."

"ಅದ್ರಲ್ಲೇ ಒಂದ್ಸಲ ಹಲ್ಲುಜ್ಜಿದ್ರಿ," ಅಂದಳು ಎನ್ಯೊನಮ್, ಟ್ಯೂಬು ಹುಡುಕುತ್ತಾ.

"ಅದನ್ನ ಟೀಚರಮ್ಮಂಗೆ ಹೇಳ್ಬೇಕಾ?"

ಅವಳು ಹಳೆಯ ಪೇಸ್ಟು ಒರೆಸುವಷ್ಟು ಹೊತ್ತು ಅವರ ಬೆರಳು ಬೋರ್ಡಿನ ಮೇಲೆ ಮೆಲ್ಲಗೆ ಓಡಾಡಿತು. ಎಲ್ಲೋ ನಿಂತು, ಹಿಂದೆ ಬಂದು, ಮತ್ತೆ ನಿಂತಿತು. "ಇದು ಕಾಯಿಲ್ ಇರಬೇಕು. ಇವು ಕೆಪಾಸಿಟರ್, ಸಾಲಾಗಿ ನಿಂತಿವೆ. ನನ್ ಕಾಲದಲ್ಲಿ ಕಡಲೇಬೀಜದಷ್ಟಿದ್ವು, ಈಗ ಮರಳಿನ ಕಾಳಾಗಿವೆ." ಅವರ ದನಿ ಇಳಿಯಿತು. "ಲೋಕ ಎಲ್ಲ ಬದಲಾಯ್ತು, ಇನ್ನು ನಂಗೇನೂ ತಿಳಿಯಲ್ಲ ಅನ್ಕೊಂಡಿದ್ದೆ ಕಣಮ್ಮ. ಎಲ್ಲಾ ಗೊತ್ತಿರೋರೇ. ಕುಗ್ಗಿದಾರೆ ಅಷ್ಟೇ."

ಎನ್ಯೊನಮ್ ಒರೆಸುವ ಬಟ್ಟೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಮಡಿಸಿದಳು.

ಅಗ್ಬೆಕೊ ಮೆಮೊರಿಯ ಎರಡು ಪಟ್ಟಿಗಳನ್ನೂ ತೆಗೆಸಿ, ಅವುಗಳ ಹೊಂಬಣ್ಣದ ಅಂಚನ್ನು ನನ್ನ ಪೆನ್ಸಿಲಿನ ರಬ್ಬರಿನಿಂದ ಉಜ್ಜಿಸಿದರು. ಉಪ್ಪುಗಾಳಿಗೆ ಕಿಲುಬು ಹಿಡಿದಿರುತ್ತದಂತೆ. ಹೊಸ ಪೇಸ್ಟು ಹಚ್ಚಿ, ಎಲ್ಲವನ್ನೂ ಮೊದಲಿನಂತೆ ಕೂರಿಸಿ, ರಟ್ಟಿನಲ್ಲಿದ್ದ ಸ್ಕ್ರೂಗಳನ್ನೆಲ್ಲ ವಾಪಸು ತಿರುಗಿಸಿದ್ದಾಯಿತು. ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪಾಗಿಯೇ ಇತ್ತು.

ಎನ್ಯೊನಮ್ ಮೇಜಿನಿಂದ ಕೈ ಹಿಂದಕ್ಕೆ ಎಳೆದುಕೊಂಡಳು. "ನಾನೇ ಏನೋ ಕೆಡಿಸಿದೆ," ಎಂದಳು ಮೆಲ್ಲಗೆ.

ಅಗ್ಬೆಕೊ ತಲೆ ವಾಲಿಸಿ ಯೋಚಿಸಿದರು. "ಆ ಪಟ್ಟಿ ಕೂರ್ಸುವಾಗ ಟಕ್ ಅಂತ ಒಂದೇ ಸಲ ಕೇಳಿದ್ದು. ಎರಡು ಪಟ್ಟಿ, ಎರಡು ಸಲ ಕೇಳ್ಬೇಕಿತ್ತು. ಆಗ್ಲೇ ಅನ್ನಿಸ್ತು ನಂಗೆ, ಆದ್ರೆ ನೀನು ಮಾತಾಡ್ತಿದ್ದೆ."

"ನಾನು ಮಾತಾಡ್ದೆ ಇದ್ರೆ ನೀವು ಕೆಲ್ಸ ಮಾಡೋದು ಹೆಂಗೆ?"

"ಅದೂ ನಿಜವೇ."

ಮತ್ತೆ ಬಿಚ್ಚಿದರು. ಅವಳು ಎರಡನೆಯ ಪಟ್ಟಿಯನ್ನು ಹೆಬ್ಬೆರಳಿನಿಂದ ಅಮುಕಿದಳು. ಟಕ್. ಮೂವರಿಗೂ ಕೇಳಿಸಿತು. ಈ ಸಲ ಪರದೆ ಬೆಳಗಿತು. ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು. ಕರಿದ ಮೀನು, ಅಬೊಲೊ, ಖಾರದ ಚಟ್ನಿ ಎಲ್ಲ ಮುಗಿಸಿ ಕೈ ತೊಳೆದು ಬಂದರೂ ಅದು ಓಡುತ್ತಲೇ ಇತ್ತು. ಅಗ್ಬೆಕೊ ಅದರ ಬೆನ್ನು ಸವರಿ, "ತಣ್ಣಗಿದೆ," ಎಂದರು. ಆ ಮಾತನ್ನು ಅವರು ಆ ಮಧ್ಯಾಹ್ನ ನಾಲ್ಕು ಸಲ ಹೇಳಿದರು.

ಮಾತು ಊರಿನಲ್ಲಿ ಹರಡಲು ತಡವಾಗಲಿಲ್ಲ. ನಮ್ಮ ಶಾಲೆಯ ಇಬ್ಬರು ಮೇಷ್ಟ್ರುಗಳು, ಆಮೇಲೆ ದವಾಖಾನೆಯ ನರ್ಸು ತಂತಮ್ಮ ಕಾದ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಎಲ್ಲವೂ ಸರಿಹೋಗಲಿಲ್ಲ. ಒಂದರಲ್ಲಿ ಬೋರ್ಡ್ ನಿಜಕ್ಕೂ ಸುಟ್ಟಿತ್ತು. ಬಿಚ್ಚಿ ನೋಡಿದ ಮೇಲೆಯೇ ಅಗ್ಬೆಕೊ ಹಾಗೆಂದರು. ನಾನು ಉಳಿದ ಹಾಡುಗಳನ್ನು ಮುಂದಿನ ಮಳೆಗಾಲದೊಳಗೆ ಬರೆದು ಮುಗಿಸಿದೆ.

ಕಳೆದ ವಾರ ಅವರ ಮನೆಗೆ ಹೋದರೆ ಒಲೆ ಆರಿತ್ತು. ಬಾಗಿಲ ಬಳಿ ಗಂಡಹೆಂಡಿರು ಪ್ರಿಂಟರೊಂದನ್ನು ಬಿಚ್ಚಿ ಹರಡಿಕೊಂಡು ಜೋರಾಗಿ ವಾದಿಸುತ್ತಿದ್ದರು.

"ಅಬೊಲೊ ಇಲ್ವಾ ಅಕ್ಕ?" ಅಂದೆ.

"ಇವತ್ತು ಬೇಗ ಖಾಲಿ," ಎಂದಳು ಎನ್ಯೊನಮ್, ತಲೆ ಎತ್ತದೆ. "ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳೇ, ಬೆಳಕಿಗೆ ಅಡ್ಡ ಬರ್ತಿದೀಯ."