ಇಪ್ಪತ್ತೊಂಬತ್ತೂವರೆ ಇಂಚು

ಗುರುವಾರ ಮಧ್ಯಾಹ್ನ ಹೊಲಿಗೆಯಮ್ಮನ ಅಂಗಡಿ ಮುಚ್ಚಿರುತ್ತದೆ. ಆ ಅರ್ಧ ದಿನದ ಬಿಡುವಿನಲ್ಲಿ ಅವಳು ದಾರ, ಗುಂಡಿ ತರಲು ಹೋಗುತ್ತಾಳೆಂದು ಬೀದಿಯವರೆಲ್ಲ ತಿಳಿದಿದ್ದರು. ಹೋಗುತ್ತಿದ್ದದ್ದೂ ನಿಜವೇ. ಆದರೆ ದಾರ, ಗುಂಡಿಗೆ ಹತ್ತು ನಿಮಿಷ ಸಾಕು. ಉಳಿದ ಹೊತ್ತೆಲ್ಲ ಅವಳು ಕಳೆಯುತ್ತಿದ್ದದ್ದು ಎರಡು ಬೀದಿಯಾಚೆ ಹೊಸದಾಗಿ ತೆರೆದಿದ್ದ ಬ್ಯಾಟರಿ ಸೈಕಲ್ ಅಂಗಡಿಯಲ್ಲಿ.

ಐವತ್ತೆಂಟು ವರ್ಷದ ಹೆಂಗಸು, ಸೈಕಲ್ ತುಳಿಯಲು ಕಲಿತವಳೇ ಅಲ್ಲ. ಗೊತ್ತಾದರೆ ನಗುತ್ತಾರೆ ಅನ್ನುವ ಅಂಜಿಕೆ ಅವಳಿಗೆ. ಅದಕ್ಕೇ ಮೊದಲ ವಾರ ಗಾಜಿನ ಹೊರಗೇ ನಿಂತು, ತಲೆಗೂದಲಿಗೆ ಅಂಟಿದ ದಾರದ ಎಳೆ ತೆಗೆಯುವವಳ ಹಾಗೆ ನಟಿಸುತ್ತ ಒಳಗೆ ಕಣ್ಣಾಡಿಸಿ ಬಂದಿದ್ದಳು. ಎರಡನೇ ವಾರ ಒಳಗೆ ಕಾಲಿಟ್ಟಳು. ಮೂರನೇ ವಾರ ಮುಟ್ಟಿ ನೋಡಿದಳು. ಇದು ನಾಲ್ಕನೆಯದು.

"ಬನ್ನಿ ಅಮ್ಮ," ಅಂದ ಅಂಗಡಿಯವನು. "ಇನ್ನೊಂದು ವಾರ ಹೀಗೇ ಬಂದ್ರೆ ನಿಮ್ಮನ್ನೇ ಕೆಲಸಕ್ಕೆ ಇಟ್ಕೊಂಡ್ಬಿಡ್ತೀನಿ. ಗಿರಾಕಿಗಳಿಗೆ ನನಗಿಂತ ಚೆನ್ನಾಗಿ ನೀವೇ ತೋರಿಸ್ತೀರಿ."

"ನನ್ನ ಕೆಲಸ ನನಗೆ ಸಾಕಪ್ಪ. ತೊಂದರೆ ಆಗಿದ್ರೆ ಹೇಳು, ಬರಲ್ಲ."

"ಅಯ್ಯೋ, ತಮಾಷೆಗೆ ಅಂದೆ. ನೀವು ನಿಧಾನಕ್ಕೆ ನೋಡಿ."

ಅವನು ಉದ್ದನೆಯ ಆಸಾಮಿ. ತೋಳಿನ ಅಳತೆ ಇಪ್ಪತ್ತಾರು ಇಂಚು ಇರಬಹುದು ಎಂದು ಮೊದಲ ದಿನವೇ ಅವಳ ಕಣ್ಣು ಲೆಕ್ಕ ಹಾಕಿತ್ತು. ಅಂಗಿಯ ತೋಳು ಮಾತ್ರ ಇಪ್ಪತ್ನಾಲ್ಕರದ್ದು, ಮಣಿಕಟ್ಟಿನ ಮೂಳೆ ಯಾವಾಗಲೂ ಹೊರಗೆ. ಮೂವತ್ತೆಂಟು ವರ್ಷ ಜನರ ಮೈಗೆ ಟೇಪು ಹಿಡಿದವಳಿಗೆ ಈ ಚಟ ಬಿಡುವಂಥದ್ದಲ್ಲ. ಸೈಕಲ್ಲುಗಳನ್ನೂ ಅವಳು ಹಾಗೆಯೇ ನೋಡುತ್ತಿದ್ದಳು, ಇದು ಯಾರ ಮೈಗೆ ಕೂರುತ್ತದೆ ಎಂದು.

ಬಾಗಿಲ ಬಳಿಯ ಮಡಚುವ ಸೈಕಲ್ಲು ನಿಲ್ದಾಣದ ಗುಮಾಸ್ತನಿಗೆ ಹೇಳಿ ಮಾಡಿಸಿದ ಹಾಗಿತ್ತು. ಆತ ತನ್ನ ಕೋಟನ್ನೇ ಅಷ್ಟು ಅಚ್ಚುಕಟ್ಟಾಗಿ ಮಡಚುತ್ತಾನೆ. ಅದರ ಪಕ್ಕದ ದಪ್ಪ ಟೈರಿನದ್ದು, ತೊಡೆಯ ಹತ್ತಿರ ಪ್ಯಾಂಟು ಬಿಗಿ ಮಾಡಿಸಿಕೊಳ್ಳಲು ಬರುವ ಹುಡುಗರ ಪೈಕಿ ಯಾರಿಗಾದರೂ. ಮುಂದೆ ಮರದ ಪೆಟ್ಟಿಗೆಯಿದ್ದದ್ದು ಬೇಕರಿಯವಳಿಗೆ. ಅವಳಿ ಮಕ್ಕಳನ್ನೂ ಹಿಟ್ಟಿನ ಚೀಲವನ್ನೂ ಒಟ್ಟಿಗೆ ತುಂಬಿಕೊಂಡು ಹೋಗಬಹುದು. ಮೂಲೆಯಲ್ಲಿ ಮೂರು ಚಕ್ರದ್ದೊಂದು ಇತ್ತು. ಎರಡನೇ ವಾರ ಅದರ ಮುಂದೆ ಅವಳು ಬಹಳ ಹೊತ್ತು ನಿಂತಿದ್ದಳು. ಅಕ್ಕನಿಗೆ ಇದನ್ನು ಕೊಂಡುಕೊಟ್ಟರೆ ಹೇಗೆ ಅನ್ನಿಸಿತ್ತು. ಕೂಡಲೇ ಅಕ್ಕ ಊರುಗೋಲು ಎತ್ತಿ ಎಸೆಯುವುದೂ ಕಣ್ಣಿಗೆ ಕಟ್ಟಿತು. ಆ ಆಸೆಯನ್ನು ಅಲ್ಲೇ ಬಿಟ್ಟಳು.

ಅಕ್ಕನ ಮನೆ ಊರಿನ ತುದಿಯ ಏರುರಸ್ತೆಯ ಮೇಲೆ. ಮೂವತ್ತು ವರ್ಷ ಸೈಕಲ್ ಮೇಲೆ ಅಂಚೆ ಹಂಚಿದವಳು ಅಕ್ಕ. ಊರಿನ ನಾಯಿಗಳೆಲ್ಲ ಅವಳ ಗಂಟೆಯ ಸದ್ದಿಗೆ ಬಾಲ ಅಲ್ಲಾಡಿಸುತ್ತಿದ್ದವು. ಕೊನೆಗೆ ಎರಡೂ ಮಂಡಿ ಸವೆದು, ಎರಡಕ್ಕೂ ಆಪರೇಷನ್ ಆಗಿ, ಈಗ ಎರಡು ವರ್ಷದಿಂದ ಗೇಟಿನವರೆಗೆ ನಡೆಯುತ್ತಾಳೆ, ಗೇಟಿನಿಂದ ಆಚೆ ಇಲ್ಲ. ಮಂಡಿಗೆ ಪೆಡಲು ತುಳಿಯುವುದು ಒಳ್ಳೆಯದು, ಆದರೆ ಏರು ಹತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಮನೆಯೊಳಗೇ ಇಟ್ಟುಕೊಂಡು ತುಳಿಯುವ ಯಂತ್ರ ತರಿಸೋಣ ಎಂದು ತಂಗಿ ಕೇಳಿದಾಗ ಅಕ್ಕ ಅಂದದ್ದು ಇಷ್ಟೇ: "ಎಲ್ಲಿಗೂ ಹೋಗದೆ ಇರೋ ಪೆಡಲು ತುಳಿಯೋಕೆ ನಾನೇನು ಗಾಣದ ಎತ್ತೇನೇ?"

ಬಾಡಿಗೆ ಕಾರು ಮಾಡಿಕೊಂಡು ನೀರಿನ ದಂಡೆಗೆ ಹೋಗಿಬರೋಣ ಅಂದರೂ ಆಗಲಿಲ್ಲ. "ಹೊತ್ಕೊಂಡು ಹೋಗೋಕೆ ನಾನು ಗಂಟಲ್ಲ. ಗಂಟು ನೀನು."

ಅದು ತಂಗಿಗೆ ಅಕ್ಕ ಇಟ್ಟ ಹೆಸರು. ಅವರ ಅಮ್ಮನೂ ಹೊಲಿಗೆಯವಳೇ. ಹೊಲಿದು ಮುಗಿದ ಬಟ್ಟೆಗಳನ್ನು ಗಂಟು ಕಟ್ಟಿ ಕೊಡುತ್ತಿದ್ದಳು, ಅಕ್ಕ ಸೈಕಲ್ಲಿನಲ್ಲಿ ಮನೆಮನೆಗೆ ಮುಟ್ಟಿಸುತ್ತಿದ್ದಳು. ಹಿಂದಿನ ಕ್ಯಾರಿಯರ್ ಮೇಲೆ ತಂಗಿ, ತಂಗಿಯ ತೊಡೆಯ ಮೇಲೆ ಗಂಟು. ಒಂದು ಕೈ ಗಂಟಿನ ಸುತ್ತ, ಇನ್ನೊಂದು ಅಕ್ಕನ ಸೊಂಟದ ಸುತ್ತ. ಎರಡರಲ್ಲಿ ಯಾವುದು ಭಾರ ಎಂದು ಗೊತ್ತಾಗುತ್ತಿಲ್ಲ ಎಂದು ಅಕ್ಕ ರೇಗಿಸುತ್ತಿದ್ದಳು. ಆ ಸೈಕಲ್ಲಿಗೆ ಬ್ರೇಕು ಅನ್ನುವುದು ಹೆಸರಿಗಷ್ಟೇ. ದಂಡೆಯ ಇಳಿಜಾರು ಬಂತೆಂದರೆ "ಕಾಲು ಬಿಡೇ ಗಂಟು" ಎಂದು ಅಕ್ಕ ಕೂಗಬೇಕು, ಇಬ್ಬರೂ ನಾಲ್ಕು ಕಾಲನ್ನೂ ನೆಲಕ್ಕೆ ಉಜ್ಜಬೇಕು. ಹಾಗೆ ನೀರಿಗೆ ಇನ್ನು ನಾಲ್ಕು ಮಾರು ಇದೆ ಅನ್ನುವಾಗ ಸೈಕಲ್ಲು ನಿಲ್ಲುತ್ತಿತ್ತು. ಎಷ್ಟು ಜೊತೆ ಚಪ್ಪಲಿ ಹಾಗೆ ಸವೆದವೋ, ಅಮ್ಮ ಎಷ್ಟು ಬೈದಳೋ, ಅದಕ್ಕೆ ಲೆಕ್ಕವಿಲ್ಲ.

ಅಕ್ಕ ಅವಳಿಗೂ ಕಲಿಸಲು ನೋಡಿದ್ದಳು. ಮೂರು ಸಂಜೆ ಹಿಂದೆ ಹಿಂದೆ ಓಡಿದ್ದಳು. ಮೂರನೇ ಸಂಜೆ, ಅಕ್ಕ ಕೈ ಬಿಟ್ಟಿದ್ದರೂ ಸೈಕಲ್ಲು ಒಂದಷ್ಟು ದೂರ ನೆಟ್ಟಗೆ ಹೋಯಿತು. ಆಗ ತಂಗಿಗೆ ಭಯವಾಯಿತು. ಬೀಳುವ ಭಯವಲ್ಲ. ಕಲಿತುಬಿಟ್ಟರೆ ಇನ್ನು ಹಿಂದೆ ಕೂರುವುದು ತಪ್ಪಿಹೋಗುತ್ತದಲ್ಲ, ಅದು. ಅವಳು ಬೇಕೆಂದೇ ಬಿದ್ದಳು. ಮೊಣಕೈ ತರಚಿಕೊಂಡು ಬೇಕಾದ್ದಕ್ಕಿಂತ ಜೋರಾಗಿ ಅತ್ತಳು. ಇವಳಿಗೆ ಆಗುವುದಿಲ್ಲ ಬಿಡು ಎಂದು ಅಕ್ಕ ಅವಳನ್ನು ಮತ್ತೆ ಕ್ಯಾರಿಯರ್ ಮೇಲೆ ಕೂರಿಸಿಕೊಂಡಳು. ಈ ಗುಟ್ಟನ್ನು ಅವಳು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಈಗ ಅವಳ ಮನಸ್ಸಿನಲ್ಲಿದ್ದದ್ದು ಆ ತಪ್ಪನ್ನು ಸರಿಮಾಡುವುದು. ಈ ವಯಸ್ಸಿನಲ್ಲಾದರೂ ಕಲಿಯುವುದು, ಏರುರಸ್ತೆ ಹತ್ತಿ ಅಕ್ಕನ ಗೇಟಿನ ಮುಂದೆ ನಿಲ್ಲಿಸುವುದು, ಕೂತ್ಕೋ ಅಕ್ಕ ಅನ್ನುವುದು. ಅಕ್ಕನನ್ನು ಹಿಂದೆ ಕೂರಿಸಿಕೊಂಡು ದಂಡೆಗೆ ಇಳಿಯುವುದು. ಗಂಟು ಅನ್ನಿಸಿಕೊಳ್ಳಲು ಅಕ್ಕ ಒಪ್ಪುವವಳಲ್ಲ ಎಂದು ಗೊತ್ತಿತ್ತು. ಆದರೂ ತನ್ನ ಸೈಕಲ್ಲಾದರೆ, ತಾನೇ ಹೋದರೆ, ಒಪ್ಪಿಯಾಳೇನೋ ಎಂಬ ದೂರದ ಆಸೆ. ರಾತ್ರಿ ಯೋಚಿಸಿದರೆ ಸಾಧ್ಯ ಅನ್ನಿಸುತ್ತಿತ್ತು, ಹಗಲು ಹುಚ್ಚು ಅನ್ನಿಸುತ್ತಿತ್ತು.

"ಇವತ್ತೂ ಅದೇನಾ?" ಎಂದು ಅಂಗಡಿಯವನು ಹಿಂದೆಯೇ ಬಂದ.

ಅದೇ. ಗೋಡೆಯ ಪಕ್ಕದಲ್ಲಿದ್ದ ಬೂದುಹಸಿರು ಬಣ್ಣದ್ದು. ಕಾಲು ಎತ್ತದೆ ಹತ್ತಲು ಬರುವಂತೆ ನಡುವಿನ ಕಂಬಿ ನೆಲದ ಹತ್ತಿರಕ್ಕೆ ಬಾಗಿತ್ತು. ಹಿಂದಿನ ಕ್ಯಾರಿಯರ್ ಉದ್ದವಾಗಿ ಗಟ್ಟಿಯಾಗಿತ್ತು. ಅದರ ಮೇಲೊಂದು ಮೆತ್ತೆ, ಪಕ್ಕದಲ್ಲಿ ಪಾದ ಇಡಲು ಪಟ್ಟಿ. ಮೆತ್ತೆಯ ಹೊಲಿಗೆಯನ್ನು ಅವಳು ಕಳೆದ ವಾರವೇ ಪರೀಕ್ಷಿಸಿದ್ದಳು. ಜೋಡಿ ಹೊಲಿಗೆ, ಮೂಲೆಯಲ್ಲಿ ಮಾತ್ರ ಸ್ವಲ್ಪ ಅವಸರ.

"ಏರಲ್ಲಿ ನಿಜವಾಗ್ಲೂ ಹತ್ತುತ್ತಾ?"

"ಬಂದಾಗಲೆಲ್ಲ ಅದೇ ಕೇಳ್ತಿದ್ದೀರಿ. ಹತ್ತುತ್ತಮ್ಮ. ನೀವು ಸುಮ್ನೆ ಕಾಲು ಆಡಿಸ್ತಾ ಇರಿ, ಉಳಿದದ್ದನ್ನ ಮೋಟರ್ ನೋಡ್ಕೊಳ್ಳುತ್ತೆ. ಮಂಡಿಗೆ ಗೊತ್ತೇ ಆಗಲ್ಲ."

"ಇಬ್ಬರು ಕೂತ್ರೆ?"

"ಇನ್ನೊಬ್ರು ನನ್ನ ಮಾವನ ಥರ ಇಲ್ದಿದ್ರೆ ಹತ್ತುತ್ತೆ." ಅವನು ಸ್ಟ್ಯಾಂಡಿನ ಬಳಿ ಕುಕ್ಕುರುಗಾಲಲ್ಲಿ ಕೂತು ಸೀಟಿನ ಕಂಬ ಸಡಿಲಿಸತೊಡಗಿದ. "ಇವತ್ತು ಬಿಡಲ್ಲ. ಕೂತು ನೋಡ್ಲೇಬೇಕು. ಓಡಿಸ್ಬೇಡಿ, ಸುಮ್ನೆ ಕೂತ್ಕೊಳ್ಳಿ. ಕಾಲಿನ ಒಳಗಡೆ ಅಳತೆ ಎಷ್ಟು ನಿಮ್ದು? ಟೇಲರ್ ನೀವು, ನಾನು ಅಳೆಯೋದು ಬೇಡ."

"ಇಪ್ಪತ್ತೊಂಬತ್ತೂವರೆ," ಅಂದಳು ಅವಳು, ರೆಪ್ಪೆ ಬಡಿಯುವಷ್ಟೂ ತಡಮಾಡದೆ.

ಅವನು ಸೀಟು ಏರಿಸಿ ಬಿಗಿ ಮಾಡಿದ. ಅವಳು ಒಂದು ಕೈಯನ್ನು ಗೋಡೆಗೆ, ಇನ್ನೊಂದನ್ನು ಹ್ಯಾಂಡಲ್ಲಿಗೆ ಕೊಟ್ಟು, ಪಕ್ಕದಲ್ಲಿದ್ದ ಮೆಟ್ಟಿಲಿನ ಸಹಾಯದಿಂದ ಹೇಗೋ ಹತ್ತಿ ಕೂತಳು. ಎರಡೂ ಕಾಲು ಗಾಳಿಯಲ್ಲಿ ತೂಗಿದವು. ನೆಲದ ಮಾತು ಹಾಗಿರಲಿ, ಕೆಳಗಿದ್ದ ಪೆಡಲೂ ಸಿಗಲಿಲ್ಲ. ಅಂಗಡಿಯವನು ತಲೆ ಓರೆಮಾಡಿ ನೋಡಿದ.

"ಅಮ್ಮ, ಅಳತೆ ಸರಿಯಾಗಿ ಹೇಳಿದ್ರಾ?"

"ಅಳತೆಯಲ್ಲಿ ನಾನು ತಪ್ಪಲ್ಲಪ್ಪ."

"ಹಾಗಾದ್ರೆ ಬೆಳಗ್ಗೆಯಿಂದ ಇಲ್ಲೀವರೆಗೆ ನೀವು ಮೂರಿಂಚು ಕುಗ್ಗಿದ್ದೀರಿ."

ಅವಳು ಕೆಳಗಿಳಿದು, ಕೊರಳಿನಿಂದ ಟೇಪು ತೆಗೆದು, ತುದಿಯನ್ನು ಹಿಮ್ಮಡಿಯಿಂದ ಅದುಮಿ ಹಿಡಿದು ಮೇಲಕ್ಕೆಳೆದಳು. ಇಪ್ಪತ್ತಾರೂವರೆ. ಇನ್ನೊಂದು ಸಲ ನೋಡಿದಳು. ಅದೇ. ಊರಿನ ಅರ್ಧ ಜನರ ಅಳತೆ ಬಾಯಿಪಾಠ ಇದ್ದವಳಿಗೆ ತನ್ನದು ಗೊತ್ತಿರಲಿಲ್ಲ. ತನ್ನ ಬಟ್ಟೆಯನ್ನು ಅವಳು ಯಾವಾಗಲೂ ಹಳೆಯ ಬಟ್ಟೆ ಹಾಸಿಯೇ ಕತ್ತರಿಸುತ್ತಿದ್ದಳು, ಟೇಪು ಹಿಡಿದದ್ದೇ ಇಲ್ಲ.

"ಮತ್ತೆ ಇಪ್ಪತ್ತೊಂಬತ್ತೂವರೆ ಯಾರದ್ದು?" ಎಂದು ಕೇಳಿದ ಅವನು.

ಯಾರದ್ದು ಎಂದು ಅವಳಿಗೆ ಹುಡುಕಬೇಕಾಗಲಿಲ್ಲ. ಅಂಚೆಯ ಖಾಕಿ ಪ್ಯಾಂಟು, ವರ್ಷಕ್ಕೆ ಎರಡು ಜೊತೆ, ಮೂವತ್ತು ವರ್ಷ ಹೊಲಿದಿದ್ದಾಳೆ. ಬರೆದುಕೊಂಡದ್ದಿಲ್ಲ, ಮರೆತದ್ದೂ ಇಲ್ಲ.

"ನಮ್ಮ ಅಕ್ಕನದು," ಅಂದಳು. ಆಮೇಲೆ, ಮುಚ್ಚಿಟ್ಟು ಸುಸ್ತಾಗಿದ್ದವಳ ಹಾಗೆ, ನೆಲ ನೋಡುತ್ತ, "ನನಗೆ ಸೈಕಲ್ ಬರಲ್ಲಪ್ಪ," ಎಂದೂ ಅಂದಳು.

ಅವನು ನಗಲಿಲ್ಲ. "ಗೊತ್ತಿತ್ತು," ಅಂದ. "ಬರೋರು ಮೊದಲು ಹ್ಯಾಂಡಲ್ ಹಿಡೀತಾರೆ. ನೀವು ಕಳೆದ ವಾರದಿಂದ ಬರೀ ಹಿಂದಿನ ಮೆತ್ತೆ ಮುಟ್ಟಿ ನೋಡ್ತಿದ್ದೀರಿ." ಸೀಟಿಗೆ ಕೈ ಹಾಕಿ, "ಇಳಿಸ್ಲಾ? ಕಲಿಯೋದೇನು ಕಷ್ಟ ಇಲ್ಲ, ನಮ್ಮ ಹಿಂದಿನ ಅಂಗಳದಲ್ಲೇ ಹೇಳಿಕೊಡ್ತೀನಿ."

"ಇರಲಿ," ಅಂದಳು. "ಹಾಗೇ ಇರಲಿ, ಇಳಿಸ್ಬೇಡ."

ಅವನಿಗೆ ಏನು ಅರ್ಥವಾಯಿತೋ, ಬಾಗಿಲಲ್ಲಿ ಯಾರೋ ಬಂದ ನೆಪ ಮಾಡಿಕೊಂಡು ಆಚೆ ಹೋದ. ಬಾಗಿಲಲ್ಲಿ ಯಾರೂ ಇರಲಿಲ್ಲ.

ಅವಳು ಸುತ್ತ ಒಮ್ಮೆ ನೋಡಿ, ಹಿಂದಿನ ಮೆತ್ತೆಯ ಮೇಲೆ ಕೂತಳು. ಯಾರ ಸಹಾಯವೂ ಬೇಕಾಗಲಿಲ್ಲ. ಪಕ್ಕಕ್ಕೆ ಕಾಲು ಇಳಿಬಿಟ್ಟು, ಅರ್ಧ ಹೊರಳಿ ಕೂರುವ ಆ ಭಂಗಿಯನ್ನು ಮೈ ಮರೆತಿರಲಿಲ್ಲ. ಪಾದ ತಾನಾಗಿ ಪಟ್ಟಿ ಹುಡುಕಿಕೊಂಡಿತು. ಬಲಗೈ ಮುಂದಕ್ಕೆ ಹೋಗಿ ಸೀಟಿನ ಮೇಲಿನ ಖಾಲಿ ಜಾಗದ ಸುತ್ತ ಬಳಸಿ ನಿಂತಿತು. ಅಲ್ಲಿ ಮೂವತ್ತೆರಡು ಇಂಚಿನ ಒಂದು ಸೊಂಟ ಇರಬೇಕಿತ್ತು. ಈಗ ಮೂವತ್ತಾರು. ಅವಳು ನಾಲ್ಕಿಂಚು ಕೈ ಸಡಿಲಿಸಿದಳು.

ತಾನು ನಾಲ್ಕು ವಾರದಿಂದ ಯಾವುದಕ್ಕೆ ಹಂಬಲಿಸುತ್ತಿದ್ದೆ ಎಂದು ಆಗ ಅವಳಿಗೆ ಗೊತ್ತಾಯಿತು. ಓಡಿಸುವುದಕ್ಕಲ್ಲ. ಎದುರಿಗೊಂದು ಬೆನ್ನು ಬೇಕಿತ್ತು. ಗಾಳಿಯನ್ನು ಮೊದಲು ತಾನು ತಡೆದು, ಉಳಿದಷ್ಟನ್ನು ಹಿಂದಕ್ಕೆ ಬಿಡುತ್ತಿದ್ದ ಬೆನ್ನು. ಗೊತ್ತಾದದ್ದೇ ನಾಚಿಕೆಯೂ ಆಯಿತು. ಅಕ್ಕನಿಗಾಗಿ ಎಂದು ಹೇಳಿಕೊಂಡು ತಿರುಗಿದ್ದೆಲ್ಲ ತನಗಾಗಿಯೇ ಇತ್ತಲ್ಲ.

ಬಹಳ ಹೊತ್ತು ಹಾಗೇ ಕೂತಿದ್ದು, ಕೊನೆಗೆ ಚೀಲದಿಂದ ಫೋನು ತೆಗೆದಳು.

"ಏನೇ ಗಂಟು, ಇವತ್ತು ಭಾನುವಾರ ಅಲ್ಲವಲ್ಲ," ಅಂದಳು ಅಕ್ಕ.

"ಅಲ್ಲ. ಸುಮ್ನೆ. ಮಂಡಿ ಹೇಗಿದೆ?"

"ಎರಡೂ ಜೊತೆಗೇ ಇವೆ. ಏನು ವಿಷಯ, ಸುತ್ತಿ ಬಳಸಿ ಬರಬೇಡ."

"ಸೈಕಲ್ ಅಂಗಡೀಲಿದ್ದೀನಿ ಅಕ್ಕ. ಬ್ಯಾಟರೀದು."

"ನೀನು? ಯಾರಿಗೆ ಅಲ್ಲಿ ಅಳತೆ?"

"ಒಂದು ಸೈಕಲ್ ಮೇಲೆ ಕೂತಿದ್ದೀನಿ."

ಅಕ್ಕ ನಕ್ಕಳು. "ಬಿದ್ದೀಯ. ನಿನಗೆ ಬರಲ್ಲವಲ್ಲೇ."

"ಬರಲ್ಲ. ಅದಕ್ಕೇ ಹಿಂದೆ ಕೂತಿದ್ದೀನಿ."

"ಮುಂದೆ ಯಾರಿದ್ದಾರೆ?"

"ಯಾರೂ ಇಲ್ಲ."

ಅಕ್ಕ ಫೋನು ಇಟ್ಟುಬಿಟ್ಟಳೇನೋ ಎಂದುಕೊಂಡಳು. ಆದರೆ ಗಡಿಯಾರದ ಟಿಕ್‌ಟಿಕ್ ಕೇಳುತ್ತಿತ್ತು, ಅದು ಅಕ್ಕನ ಮನೆಯ ಗೋಡೆಯದೇ. ಏನಾದರೂ ಹೇಳಬೇಕೆಂದು ಇವಳು ತಡಬಡಿಸಿದಳು.

"ಏರು ಹತ್ತುತ್ತಂತೆ, ಮಂಡಿಗೆ ಗೊತ್ತೇ ಆಗಲ್ವಂತೆ. ಕಾಲು ಎತ್ತೋದೂ ಬೇಡ ಹತ್ತೋಕೆ. ಸೀಟು ನಿನ್ನ ಅಳತೆಗೆ ಕೂರಿಸಿದ್ದಾರೆ. ನಾನು ಹೇಳಿದ್ದಲ್ಲ, ಬಾಯಿಂದ ಬಂದ್ಬಿಡ್ತು. ನಿನಗೆ ಬೇಡ ಅನ್ನಿಸಿದ್ರೆ ಬೇಡ. ನಾನು ಸುಮ್ನೆ ನೋಡೋಕೆ ಬಂದಿದ್ದು."

"ಇನ್ನೂ ಇಪ್ಪತ್ತೊಂಬತ್ತೂವರೆನೇ ಅಂದ್ಕೊಂಡಿದ್ದೀಯಾ?" ಅಕ್ಕನ ದನಿ ಬೇರೆಯಾಗಿತ್ತು. "ಆಪರೇಷನ್ ಆದ್ಮೇಲೆ ಅಳೆದಿಲ್ಲ ನೀನು."

"ಮೂಳೆ ಕುಗ್ಗಲ್ಲ ಅಕ್ಕ."

"ನೀನೇನು ಡಾಕ್ಟರಾ?"

ಅಕ್ಕ ಎದ್ದು ನಿಂತ ಸದ್ದು, ಊರುಗೋಲು ಎರಡು ಸಲ ನೆಲ ತಟ್ಟಿದ ಸದ್ದು, ಕಿಟಕಿಯ ಅಗುಳಿ ತೆಗೆದ ಸದ್ದು. ಆ ಕಿಟಕಿಯಿಂದ ಏರುರಸ್ತೆ ಕಾಣುತ್ತದೆ, ರಸ್ತೆಯ ಕೊನೆಗೆ ನೀರೂ ಒಂದು ಗೆರೆಯಷ್ಟು ಕಾಣುತ್ತದೆ.

"ಬ್ರೇಕು ಹೇಗಿದೆ?" ಎಂದು ಅಕ್ಕ ಕೇಳಿದಳು.

ಅವಳು ಖಾಲಿ ಸೀಟಿನ ಮೇಲೆ ಎದೆ ಊರಿ, ಆದಷ್ಟೂ ಮುಂದಕ್ಕೆ ಬಾಗಿ, ಕೈ ಚಾಚಿ ಬ್ರೇಕು ಹಿಡಿದಳು. ಇನ್ನೊಂದು ಕೈಯಲ್ಲಿದ್ದ ಫೋನನ್ನು ಅದರ ಹತ್ತಿರಕ್ಕೆ ಒಯ್ದು, ಬ್ರೇಕು ಒತ್ತಿದಳು. ಕ್ಲಿಕ್ ಎಂದಿತು.

ಫೋನನ್ನು ಕಿವಿಗೆ ತಂದಾಗ ಅಕ್ಕ ಇನ್ನೂ ಕೇಳಿಸಿಕೊಳ್ಳುತ್ತಿದ್ದಳು.

"ಇನ್ನೊಂದ್ಸಲ ಒತ್ತು," ಅಂದಳು.