ಹನ್ನೊಂದು ಗೋಡೆಯ ಅಜ್ಜಿ

ಶಿವಮಲ್ಲು ಮುದುಕಿಯ ಕತ್ತನ್ನು ಎಡಗಿವಿಯ ಬುಡದಿಂದ ಹಿಡಿದು ಗಲ್ಲದವರೆಗೆ ನಾಜೂಕಾಗಿ ಕೊಯ್ದುಕೊಂಡು ಬಂದಿದ್ದ. ಬಲಗಿವಿಯೊಂದು ಉಳಿದಿತ್ತು, ಅಷ್ಟರಲ್ಲಿ ಕರೆಂಟು ಹೋಯಿತು. ಕಂಪ್ಯೂಟರ್ ಕಣ್ಣು ಮುಚ್ಚಿತು. ಯುಪಿಎಸ್ ಎರಡು ವರ್ಷದಿಂದ ಅಂಗಡಿಯ ಅಲಂಕಾರಕ್ಕಷ್ಟೇ ಇತ್ತು.

"ಅವ್ವುನ್ ತಲೆ ಎಲ್ಲೋಯ್ತ್ಲಾ?" ಎಂದರು ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ವೃಷಭೇಂದ್ರಪ್ಪ. ಮುದುಕಿಯ ಮಗ. ಪಕ್ಕದಲ್ಲಿ ಅವರ ಹೆಂಡತಿ ಸ್ವರ್ಣಲತಾ.

"ಇಲ್ಲೇ ಅದೆ ಯಜಮಾನ್ರೇ. ಸೇವ್ ಮಾಡಿವ್ನಿ."

"ಉಷಾರು. ಇರಾದು ಅದೊಂದೇ."

ಮಾತು ಸರಿಯಾಗಿತ್ತು. ಎಂಬತ್ತೆರಡು ವರ್ಷ ಬದುಕಿದ ಆ ತಾಯಿ ಕ್ಯಾಮೆರಾ ಎದುರಿಗೆ ಕೂತದ್ದು ಒಂದೇ ಸಲ, ವೋಟರ್ ಕಾರ್ಡಿಗೆ. ಅದರಲ್ಲಿ ಆಕೆ, ಅಡುಗೆಮನೆಗೆ ನುಗ್ಗಿದ ಕೋತಿಯನ್ನು ನೋಡುವ ಹಾಗೆ ಸರ್ಕಾರವನ್ನು ನೋಡುತ್ತಿದ್ದಳು. ಸತ್ತು ಒಂಬತ್ತು ದಿನವಾಗಿತ್ತು. ನಾಡಿದ್ದು ತಿಥಿ. ಅವತ್ತು ಮನೆ ಬಾಗಿಲಲ್ಲಿ, ಎಂಟಡಿ ಎತ್ತರದ ಫ್ಲೆಕ್ಸಿನಲ್ಲಿ, ಆಕೆ ರೇಷ್ಮೆ ಸೀರೆಯುಟ್ಟು ಸಿಂಹಾಸನದಂಥ ಕುರ್ಚಿಯಲ್ಲಿ ಕೂತಿರಬೇಕೆಂಬುದು ಮಗನ ಅಪ್ಪಣೆ. ಇದು ಒಪ್ಪಿಗೆಯಾದರೆ ಮುಂದಿನ ತಿಂಗಳ ಸೊಸೈಟಿ ಎಲೆಕ್ಷನ್ನಿನ ಫ್ಲೆಕ್ಸುಗಳೆಲ್ಲ ಶಿವಮಲ್ಲುವಿಗೆ. ಆಗದಿದ್ದರೆ ಗುಂಡ್ಲುಪೇಟೆಯ ಈ ಅಂಗಡಿಗೆ ಬೀಗ. ಚಾಮರಾಜನಗರದ ತಾಲ್ಲೂಕು ಕಚೇರಿಯ ಎದುರು ಸೋದರಮಾವ ಕನಕರಾಜು ಟೈಪಿಂಗ್ ಅಂಗಡಿ ಇಟ್ಟಿದ್ದ. ಖಾತೆ ಬದಲಾವಣೆಯ ಅರ್ಜಿ ಕುಟ್ಟಲು ಅಳಿಯ ಇವತ್ತೋ ನಾಳೆಯೋ ಬಂದೇ ಬರುತ್ತಾನೆಂದು ಒಂದು ಸ್ಟೂಲನ್ನು ಖಾಲಿ ಇಟ್ಟುಕೊಂಡು ಕಾಯುತ್ತಿದ್ದ.

ಶಿವಮಲ್ಲು ಸುಮ್ಮನೆ ಡಿಸೈನರ್ ಆದವನಲ್ಲ. ಚಾಮರಾಜನಗರದಲ್ಲಿ ಮೂರು ತಿಂಗಳ ಮಲ್ಟಿಮೀಡಿಯಾ ಕೋರ್ಸ್ ಮಾಡಿ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿದ್ದ. ಸ್ಫೂರ್ತಿ ಬೇಕಾದಾಗ ಕಿಟಕಿಯಾಚೆ ನೋಡಿ ಎಂದು ಅಲ್ಲಿ ಮಹದೇವಪ್ರಸಾದ್ ಸರ್ ಹೇಳಿಕೊಟ್ಟಿದ್ದರು. ಅದಕ್ಕೇ ಅಂಗಡಿ ಹುಡುಕುವಾಗ ಕಿಟಕಿ ಇರುವುದನ್ನೇ ಹಿಡಿದ. ಕಿಟಕಿಯಾಚೆ ಒಂದು ಉದ್ದನೆಯ ಗೋಡೆ, ಗೋಡೆಗೆ ಮುಖ ಮಾಡಿ ನಿಂತ ಗಂಡಸರು. ಊಟಿಗೆ ಹೊರಟ ಟೂರಿನವರು, ಕೇರಳಕ್ಕೆ ತರಕಾರಿ ಸಾಗಿಸುವ ಲಾರಿಯವರು, ಮೂರೂ ರಾಜ್ಯದವರು ಅಲ್ಲಿ ಒಂದೇ ಭಂಗಿಯಲ್ಲಿ ನಿಲ್ಲುತ್ತಿದ್ದರು. ಎರಡು ವರ್ಷ ನೋಡಿದ. ಸ್ಫೂರ್ತಿ ಬರಲಿಲ್ಲ, ವಾಸನೆ ಬಂತು.

ಸ್ಫೂರ್ತಿ ಬಂದದ್ದು ಒಂದೇ ಸಲ, ಅದೂ ಬಾಗಿಲಿನಿಂದ. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಪುಟ್ಟಮಾದಮ್ಮ ವಿಧವಾ ವೇತನದ ಅರ್ಜಿಗೆ ಫೋಟೊ ತೆಗೆಸಲು ಬಂದಿದ್ದಳು. ಕುರ್ಚಿಯಲ್ಲಿ ಕೂತು, ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡ ಆ ಗತ್ತು ನೋಡಿ ಶಿವಮಲ್ಲುವಿನ ಮೈ ಜುಮ್ಮೆಂದಿತು. ಫೋಟೊಗೆಂದೇ ಅಂಗಡಿಯಲ್ಲಿಟ್ಟಿದ್ದ ನೇರಳೆ ರೇಷ್ಮೆ ಸೀರೆ ಉಡಿಸಿ, "ನಿಂಗೂ ಒಂದು ದೊಡ್ಡ ಫೋಟೊ ಕೊಡ್ತೀನಜ್ಜಿ" ಎಂದು ಹೇಳಿ ಕ್ಲಿಕ್ಕಿಸಿದ. ಕೊಡುವುದನ್ನು ಮರೆತ. ಆ ಮೈಯ ಮೇಲೆ ಈವರೆಗೆ ತಾಲ್ಲೂಕಿನ ಹನ್ನೊಂದು ಸತ್ತ ಅಜ್ಜಿಯರ ತಲೆ ಕೂರಿಸಿದ್ದ. ಹನ್ನೊಂದು ಮನೆಯವರೂ ನಮ್ಮಜ್ಜಿ ಜೀವಂತ ಕೂತ ಹಾಗಿದೆ ಎಂದು ಕಣ್ಣೊರೆಸಿಕೊಂಡಿದ್ದರು. ಹೌದಲ್ಲ, ಕತ್ತಿನಿಂದ ಕೆಳಕ್ಕೆ ಜೀವಂತವೇ.

ಕರೆಂಟು ಬಂತು. ಶಿವಮಲ್ಲು ಬಲಗಿವಿಯನ್ನು ಮುಗಿಸಿ ತಲೆಯನ್ನೆತ್ತಿ ಮೈಮೇಲೆ ಇಳಿಸಿದ. ವೃಷಭೇಂದ್ರಪ್ಪನವರ ಕಣ್ಣು ತುಂಬಿತು.

"ಅವ್ವಾ," ಎಂದರು.

"ಯಾವ ಅವ್ವ?" ಸ್ವರ್ಣಲತಾ ಎದ್ದು ಸ್ಕ್ರೀನಿನ ಹತ್ತಿರ ಬಂದರು. "ಇದು ಭೀಮನಬೀಡಿನ ದೊಡ್ಡಮಲ್ಲತ್ತೆ ಕಣ್ರೀ. ಕಿರುಬೆರಳು ನೋಡಿ, ಸೊಟ್ಟ. ಹೋದ ತಿಂಗಳು ಅವರ ತಿಥೀಲಿ ಇದೇ ಬೆರಳು, ಇದೇ ಸೀರೆ."

"ದೊಡ್ಡಮಲ್ಲತ್ತೆ ಬೆರಳು ನೆಟ್ಟಗಿತ್ತಲ್ಲೇ."

"ಬದುಕಿದ್ದಾಗ ನೆಟ್ಟಗಿತ್ತು. ಫೋಟೊದಲ್ಲಿ ಸೊಟ್ಟ."

ಶಿವಮಲ್ಲು ಕೆಮ್ಮಿದ. "ಸೀರೆ ಹಸ್ರು ಮಾಡ್ಕೊಡ್ತೀನಕ್ಕ. ಬೆರಳೂ ನೆಟ್ಟುಗ್ ಮಾಡ್ಬುಡ್ತೀನಿ."

"ಇನ್ನೊಬ್ಬರು ಉಟ್ಟು ಬಿಟ್ಟಿದ್ದಕ್ಕೆ ಬಣ್ಣ ಹಾಕಿ ನಮ್ಮತ್ತೆಗೆ ಉಡಿಸ್ತೀಯಾ? ಅಲ್ಲಿ ಉಂಡೋರೇ ಕಣೋ ಇಲ್ಲಿಗೂ ಉಣ್ಣಕ್ಕೆ ಬರೋದು. ನಮ್ಮತ್ತೆ ನಮ್ಮತ್ತೆ ಥರಾನೇ ಇರ್ಬೇಕು."

ವೃಷಭೇಂದ್ರಪ್ಪ ಕಣ್ಣೊರೆಸಿಕೊಂಡು ಎದ್ದರು. ಬಣ್ಣ ತೋರಿಸಲೆಂದು ತಂದಿದ್ದ ಹೊಸ ರೇಷ್ಮೆ ಸೀರೆಯನ್ನು ಮೇಜಿನ ಮೇಲಿಟ್ಟರು. "ಅವ್ವುಂಗೆ ಅಂತ ತಂದಿದ್ದು, ಮಡಿಕೆ ಬಿಚ್ಲಿಲ್ಲ. ಇದುನ್ನ ಯಾರಿಗಾದ್ರೂ ಉಡ್ಸು, ಹೊಸ ಮೈ ತೆಗಿ. ಸೀರೆ ಅವ್ರೇ ಮಡಿಕ್ಕಳ್ಲಿ. ಐದು ಗಂಟೆ ಬಸ್ಸಲ್ಲಿ ಸಿ.ಡಿ. ಮೈಸೂರಿಗೆ ಹೋಗ್ಬೇಕು, ನಾಳೆ ಫ್ಲೆಕ್ಸ್ ಬರ್ಬೇಕು. ಇಲ್ದಿದ್ರೆ ಎಲೆಕ್ಷನ್ದೂ ಬೇರೆಯವ್ನಿಗೆ."

ಅವರು ಹೋದ ಮೇಲೆ ಶಿವಮಲ್ಲು ಸೈಬರ್ ಕೆಫೆಗೆ ಓಡಿದ. ಅರ್ಧ ಗಂಟೆ ಕಾದು ಇಂಟರ್ನೆಟ್ಟಿನಿಂದ ಇಳಿಸಿದ ಅಜ್ಜಿಯರೆಲ್ಲ ಟೋಪಿ ಹಾಕಿಕೊಂಡು ನಾಯಿ ಎತ್ತಿಕೊಂಡಿದ್ದರು. ವಾಪಸು ಬಂದು ಕಿಟಕಿಯಾಚೆ ನೋಡಿದ. ಗೋಡೆಯ ಹತ್ತಿರ ಇಬ್ಬರು ನಿಂತಿದ್ದರು. ಗಂಟೆ ಮೂರೂವರೆ. ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಾರ್ಕೆಟ್ಟಿಗೆ ನಡೆದ. ಮೈ ಅದೇ ಆದರೇನು, ಬೇರೆ ಸೀರೆ, ಬೇರೆ ಭಂಗಿ, ಬೆರಳು ಸೆರಗಿನೊಳಗೆ.

ಪುಟ್ಟಮಾದಮ್ಮ ಗೋಣಿತಾಟಿನ ಮೇಲೆ ಕೂತು ದಂಟಿನ ಸೊಪ್ಪನ್ನು ಬಾಳೆನಾರಿನಿಂದ ಕಟ್ಟುತ್ತಿದ್ದಳು. ಕಿರುಬೆರಳೊಂದು ಮಿಕ್ಕ ಬೆರಳುಗಳ ಜೊತೆ ಸೇರದೆ ಆಚೆಗೆ ಚಾಚಿಕೊಂಡಿತ್ತು.

"ಏನಜ್ಜಿ, ಚೆನ್ನಾಗಿದ್ದೀಯಾ?"

"ಸತ್ತೋಗಿವ್ನಿ ಕಣ್ ಮೊಗ," ಎಂದಳು ತಲೆಯೆತ್ತದೆ. "ಭೀಮನಬೀಡಲ್ಲಿ."

ಶಿವಮಲ್ಲು ಮೆಲ್ಲಗೆ ಅವಳೆದುರು ಕುಕ್ಕರಗಾಲಿನಲ್ಲಿ ಕೂತ.

"ದೊಡ್ಡಮಲ್ಲಮ್ಮಾರ ತಿಥಿಗೆ ಸೊಪ್ಪು ಒತ್ಕಂಡು ಓಗಿದ್ದೆ. ನೋಡುದ್ರೆ ನಾನೇ ಕೂತಿವ್ನಿ! ತಲೆ ಅವ್ರ್ದು, ಮಿಕ್ಕಿದ್ದೆಲ್ಲ ನಂದು. ಹಸ ಅಗ್ಗ ಎಳ್ದು ಮುರ್ದ ಬೆರಳು ಕಣ ಇದು. ನನ್ ಬೆರಳು ನಂಗ ಗೊತ್ತಾಗಕಿಲ್ವಾ?"

"ಅದು ಡಿಸೈನು ಅಜ್ಜಿ."

"ಊ ಕಣ, ಡಿಸೈನು. ಇಷ್ಟು ವರ್ಸದಲ್ಲಿ ಅವ್ರ ಜಗ್ಲಿ ಅತ್ತಿಲ್ಲ ನಾನು. ಈಗ ನಡುಮನೇಲಿ ಆರ ಆಕುಸ್ಕಂಡು ಕೂತಿವ್ನಿ. ಬಂದೋರೆಲ್ಲ ಅಡ್ಡ ಬೀಳ್ತಾವ್ರೆ. ನನ್ ಮುಂದೆ ಎಡೆ ಇಟ್ಟು ಕಜ್ಜಾಯ ಗುಡ್ಡೆ ಆಕವ್ರೆ. ಕಿಟ್ಕೀಲಿ ನಿಂತ್ಕಂಡು ಕಣ್ಣಾರೆ ನೋಡ್ದೆ. ಆಮೇಲೆ ನಂಗ ಇತ್ಲಲ್ಲಿ ಎಲೆ ಆಕುದ್ರು. ಕಜ್ಜಾಯ ಕೇಳುದ್ರೆ ಮುಗ್ದೋಯ್ತು ಅಂದ್ರು."

ಪಕ್ಕದಲ್ಲಿ ಈರುಳ್ಳಿ ರಾಶಿ ಹಾಕಿಕೊಂಡಿದ್ದ ಮಾರಯ್ಯ ನಕ್ಕ. "ಒಳ್ಗೆ ಕೂತಿದ್ದೋಳ್ನ ಕೇಳ್ಬೇಕಾಗಿತ್ತು ಪುಟ್ಮಾದವ್ವ."

"ಕೇಳ್ದೆ ಕಣ ಮಾರಯ್ಯ. ತಲೆ ದೊಡ್ಡೋರ್ದಲ್ವಾ, ಮಾತಾಡ್ನಿಲ್ಲ."

ಶಿವಮಲ್ಲುವಿಗೆ ನಾಚಿಕೆಯಾಗಬೇಕಿತ್ತು. ಆದರೆ ಅದೇ ಹೊತ್ತಿಗೆ ಸ್ಫೂರ್ತಿ ಬಂದುಬಿಟ್ಟಿತು. ಎರಡೂ ಒಟ್ಟಿಗೆ ಬರುವಷ್ಟು ಜಾಗ ಅವನಲ್ಲಿರಲಿಲ್ಲ. ಮಾರಯ್ಯನ ಕಡೆ ಅರೆ ತಿರುಗಿ, ಒಂದು ಕೈಯನ್ನು ಮಂಡಿಯ ಮೇಲೆ ಊರಿ, ನಗುವನ್ನು ತುಟಿಯಲ್ಲೇ ಹಿಡಿದುಕೊಂಡಿದ್ದ ಆ ಮೈ! ಇದನ್ನು ಹಿಡಿದರೆ ವೃಷಭೇಂದ್ರಪ್ಪನವರ ಮನೆಯೇನು, ಮುಂದಿನ ಹತ್ತು ವರ್ಷ ತಾಲ್ಲೂಕಿನಲ್ಲಿ ಸಾಯುವ ಅಜ್ಜಿಯರಿಗೆಲ್ಲ ಚಿಂತೆಯಿಲ್ಲ.

"ಅಜ್ಜಿ, ಇನ್ನೊಂದ್ ಸಲ ಬಂದು ಕೂತ್ಕೊ. ಹತ್ತೇ ನಿಮಿಷ. ಆಟೋ ತರುಸ್ತೀನಿ. ಈ ಸೀರೆ ನಿಂಗೇ." ಕವರು ಬಿಚ್ಚಿ ಅವಳ ಮಡಿಲಿಗೇ ಇಟ್ಟ.

ಪುಟ್ಟಮಾದಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಸೀರೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದಳು. ಭುಜದ ಮೇಲೆ ಹರಡಿಕೊಂಡು ಮಾರಯ್ಯನ ಕಡೆ ತಿರುಗಿದಳು. "ಎಂಗದೆ?"

"ಮದುವಣಗಿತ್ತಿ ಆಗ್ಬುಟ್ಟೆ ಕಣ," ಎಂದ ಮಾರಯ್ಯ.

"ಜರಿ ಚೆನ್ನಾಗದೆ." ಶಿವಮಲ್ಲುವನ್ನು ನೋಡಿದಳು. "ಈ ಸಲ ಯಾರ್ ತಲೆ?"

"ವೃಷಭೇಂದ್ರಪ್ಪನೋರ ತಾಯಿದು."

"ತಿಥಿಗೆ ಕಜ್ಜಾಯ ಮಾಡ್ತಾರಾ?"

"ಮಾಡ್ದೆ ಇರ್ತಾರಾ? ಮೂಟೆಗಟ್ಲೆ ಅಕ್ಕಿ ನೆನೆ ಹಾಕ್ತಾರೆ."

"ನಂಗ ಎಲೆ ಎಲ್ಲಾಕ್ತಾರೆ?"

ಮೂರು ತಿಂಗಳ ಕೋರ್ಸಿನಲ್ಲಿ ಇದಕ್ಕೆ ಏನೂ ಹೇಳಿಕೊಟ್ಟಿರಲಿಲ್ಲ. "ಕಜ್ಜಾಯ ನಾನೇ ತಂದ್ಕೊಡ್ತೀನಿ ಬುಡಜ್ಜಿ," ಎಂದ ಶಿವಮಲ್ಲು.

ಪುಟ್ಟಮಾದಮ್ಮ ಸೀರೆಯನ್ನು ಭುಜದಿಂದ ಇಳಿಸಿದಳು. ಇದ್ದ ಮಡಿಕೆಯ ಮೇಲೇ ಮಡಿಚಿ, ಕವರಿಗೆ ಹಾಕಿ, ಅವನ ಕಾಲ ಬಳಿಗೆ ತಳ್ಳಿದಳು.

"ಕೂರಕಿಲ್ಲ."

"ಅಜ್ಜಿ, ನನ್ ಅಂಗ್ಡಿ ಮುಚ್ಚೋಯ್ತದೆ. ನಿನ್ ತಲೇನೇ ಇಟ್ಟು, ಫ್ರೇಮ್ ಹಾಕ್ಸಿ, ದೊಡ್ಡದಾಗಿ ಒಂದು ನಿಂಗೂ ಮಾಡ್ಕೊಡ್ತೀನಿ. ಈ ಸಲ ಮರೆಯಲ್ಲ, ನಿನ್ನಾಣೆಗೂ."

ಅವಳು ಇನ್ನೊಂದು ಹಿಡಿ ದಂಟನ್ನು ಎತ್ತಿಕೊಂಡು ಬಾಳೆನಾರು ಸುತ್ತತೊಡಗಿದಳು.

"ಕೂರಕಿಲ್ಲ ಅಂದ್ನಲ್ಲ. ಓಗು."