ಮಿರ್ಯಾ ಮಾಡಿದ ಜಾಲರಿ

ತೌನೊನ ಬೈಕಿಗೆ ಬಡಿದ ಆ ಕಲ್ಲು ಹಸುವಿನ ತಲೆಯಷ್ಟಿತ್ತು. ಅದು ಬಡಿದ ಸದ್ದಿಗೆ ಗಡಿಯಾಚೆ ರಷ್ಯಾದ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು, ಮೂರು ಸರೋವರಗಳ ಮಂಜುಗಡ್ಡೆ ಹದಿನೈದು ದಿನ ಮೊದಲೇ ಬಿರುಕುಬಿಟ್ಟಿತು. ಇದು ತೌನೊ ಹೇಳುವ ಲೆಕ್ಕ. ಒಂಬತ್ತು ವರ್ಷದ ಹಿಂದೆ, ಮೊದಲ ಸಲ ಹೇಳಿದಾಗ ಕಲ್ಲು ಆಲೂಗಡ್ಡೆಯಷ್ಟಿತ್ತು. ಆಮೇಲೆ ವರ್ಷವರ್ಷವೂ ಮೇಯ್ದು ಬೆಳೆದಿದೆ. ತೌನೊ ಸುಳ್ಳುಗಾರನೆಂದು ಫಿನ್ಲೆಂಡಿನ ನುರ್ಮೆಸ್ ಊರಿನಲ್ಲಿ ಯಾರೂ ಅನ್ನುವುದಿಲ್ಲ. ನಿಜ ಅವನ ಬಾಯಿಗೆ ಯಾವಾಗಲೂ ಒಂದು ಅಳತೆ ಚಿಕ್ಕದು, ಅಷ್ಟೇ.

ಏಪ್ರಿಲ್ ಕೊನೆಯ ಶನಿವಾರ ಅಂಚೆ ಹಂಚುವ ಪಿಯಾ ಆ ಬೈಕನ್ನು ಕೊಳ್ಳಲೆಂದು ನೋಡಲು ಬಂದಳು. ಮುಂದಿನ ಚಕ್ರದ ಹಿಂದಕ್ಕೆ ಬಗ್ಗಿ ಬೆರಳಾಡಿಸಿದಳು.

"ಇಲ್ಲಿ ನಾಲ್ಕು ಬೋಲ್ಟಿನ ತೂತಿವೆ. ರೇಡಿಯೇಟರಿಗೆ ಜಾಲರಿ ಇತ್ತಾ?"

"ಇತ್ತಾ ಅಂತ ಕೇಳ್ತೀಯಲ್ಲ. ಅಂಥದ್ದು ಇಡೀ ಫಿನ್ಲೆಂಡಲ್ಲಿ ಇನ್ನೊಂದಿರ್ಲಿಲ್ಲ ಕಣಮ್ಮಾ. ನನ್ನ ಹೆಂಡ್ತಿ ಕೈಯಾರೆ ಮಾಡಿದ್ದು. ಒಳಗೆ ಬಾ, ನಿಂತ್ಕೊಂಡು ಕೇಳೋ ಕಥೆಯಲ್ಲ ಅದು."

ಮಿರ್ಯಾ ದೋಣಿ ಕಟ್ಟುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವೆಲ್ಡಿಂಗ್ ಮಾಡಿದವಳು. ಗಾಡಿಗಳು ಜಾರದಿರಲೆಂದು ಚಳಿಗಾಲವಿಡೀ ಹಿಮದ ಮೇಲೆ ಚೆಲ್ಲಿದ ಜಲ್ಲಿ ವಸಂತದಲ್ಲಿ ಹಾಗೇ ರಸ್ತೆಯಲ್ಲಿ ಉಳಿದಿರುತ್ತದೆ. ಗುಡಿಸುವ ಲಾರಿ ಬರುವ ತನಕ ಕಾಯುವ ತಾಳ್ಮೆ ತನ್ನ ಗಂಡನಿಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ, ಸಿಡಿಯುವ ಕಲ್ಲು ರೇಡಿಯೇಟರಿಗೆ ತಾಗದಿರಲೆಂದು ಉಕ್ಕಿನ ಜಾಲರಿ ಕತ್ತರಿಸಿ, ಅಂಚು ಉಜ್ಜಿ, ಮೂಲೆಯಲ್ಲಿ ಇಬ್ಬರ ಹೆಸರಿನ ಮೊದಲ ಅಕ್ಷರ ಬೆಸೆದು ಕೊಟ್ಟಿದ್ದಳು.

ಅಡುಗೆಮನೆಯ ಮೇಜಿನೆದುರು ಕೂತು ತೌನೊ ಶುರುಮಾಡಿದ. ಅವತ್ತು ಮೇ ಒಂದು. ಯೊಯೆನ್ಸೂ ಆಸ್ಪತ್ರೆಯಿಂದ ಫೋನು: ಮಿರ್ಯಾಳ ತಾಯಿಗೆ ಕೊನೆಗಾಲ. ಕಾರನ್ನು ತೌನೊನ ತಮ್ಮ ಒಯ್ದಿದ್ದ. ಇಬ್ಬರೂ ಬೈಕೇರಿದರು. ದಾರಿಯ ಯೂಕಾ ಊರು ದಾಟಿದ ಮೇಲೆ ಮುಂದೊಂದು ಮರದ ದಿಮ್ಮಿಯ ಲಾರಿ.

"ಲಾರಿ ಚಕ್ರದಿಂದ ಕಲ್ಲು ಎದ್ದು ಬಂತು. ನಾನು ಅದನ್ನ ನೋಡ್ದೆ. ಅದೂ ನನ್ನ ನೋಡ್ತು. ಜಾಲರಿ ಇಲ್ದಿದ್ರೆ ಎಂಜಿನ್ ಸೀಳ್ಕೊಂಡು ನಮ್ಮಿಬ್ರ ಮಧ್ಯೆ ತೂರಿ ಸ್ವೀಡನ್‌ಗೆ ಹೋಗ್ತಿತ್ತು. ಪಾಪ, ಜಾಲರಿ ಎರಡು ತುಂಡಾಗಿ ಕಾಡಿಗೆ ಹಾರ್ತು. ಆದ್ರೂ ಒಂದು ಚೂರು ರೇಡಿಯೇಟರಿಗೆ ಹೊಕ್ಕು ನೀರೆಲ್ಲ ರಸ್ತೆಗೆ ಸುರೀತು."

"ಹಸುವಿನ ತಲೆ ಬಡಿದ್ರೂ ಬೈಕ್ ಬೀಳ್ಲಿಲ್ವಾ?" ಎಂದಳು ಪಿಯಾ.

"ಓಡಿಸ್ತಿದ್ದೋನು ಯಾರು ಅನ್ನೋದನ್ನೂ ನೋಡ್ಬೇಕಲ್ಲ."

"ಅತ್ತೆ ಏನಾದ್ರು?"

ತೌನೊ ಲೋಟದೊಳಗೆ ನೋಡಿದ. ಕಥೆ ಪ್ರತಿ ಸಲ ಇಲ್ಲಿಗೆ ಬಂದಾಗ ಮಿರ್ಯಾ ಎದ್ದು ಹೊರಗೆ ಹೋಗುತ್ತಿದ್ದಳು. ಇವತ್ತು ಒಲೆಯ ಹತ್ತಿರವೇ ನಿಂತಿದ್ದಳು.

"ಎರಡು ಗಂಟೆ ರಸ್ತೇಲಿ ಕೈ ಬೀಸ್ತಾ ನಿಂತಿದ್ವಿ," ಎಂದಳು. "ಮೀನಿನ ವ್ಯಾನಿನವನೊಬ್ಬ ಹತ್ತಿಸ್ಕೊಂಡ. ನಾವು ಹೋದಾಗ ಅಮ್ಮ ಹೋಗಿ ನಲವತ್ತು ನಿಮಿಷ ಆಗಿತ್ತಂತೆ. ಕೈ ಇನ್ನೂ ಬೆಚ್ಚಗಿತ್ತು. ಯಾರನ್ನ ಬೈಯ್ಲಿ? ಕಲ್ಲನ್ನ ಬೈದೆ. ಒಂಬತ್ತು ವರ್ಷ ಕಲ್ಲನ್ನೇ ಬೈದೆ."

ತೌನೊನ ಸಂಸಾರ ಈ ಒಂಬತ್ತು ವರ್ಷ ನಿಂತಿದ್ದದ್ದು ಆ ಕಲ್ಲಿನ ಮೇಲೆಯೇ. ಅದು ಬೆಳೆದಷ್ಟೂ ಮಿರ್ಯಾಳಿಗೆ ಗಂಡನ ಮೇಲೆ ಮುನಿಯಲು ಕಾರಣ ಸಿಗುತ್ತಿರಲಿಲ್ಲ. ಅದಕ್ಕೇ ಅವನು ಅದಕ್ಕೆ ಮೇವು ಹಾಕುತ್ತಲೇ ಇದ್ದ.

ಮಿರ್ಯಾ ಬಿಸಿ ಏಲಕ್ಕಿ ಬನ್ನುಗಳನ್ನು ತಂದು ಮೇಜಿನ ಮೇಲಿಟ್ಟಳು. "ತಗೋ ಪಿಯಾ. ನೀನೂ ತಗೋ."

ಪಿಯಾ ಒಂದು ಬನ್ನು ಎತ್ತಿಕೊಂಡಳು. ತೌನೊ ಚಾಚಿದ ಕೈ ಹಾಗೇ ನಿಂತಿತು. ಬನ್ನು ಎದ್ದ ಜಾಗದಲ್ಲಿ, ತಟ್ಟೆಯ ಬದಲು ಕೆಳಗಿಟ್ಟಿದ್ದ ಉಕ್ಕಿನ ಜಾಲರಿ ಕಾಣುತ್ತಿತ್ತು. ನಾಲ್ಕು ಮೂಲೆಗೆ ನಾಲ್ಕು ತೂತು. ಒಂದು ಮೂಲೆಯಲ್ಲಿ ಬೆಸೆದ ಎರಡು ಅಕ್ಷರ. ಒಂದು ಗೀರೂ ಇರಲಿಲ್ಲ.

"ಬೈಕಿನ ಹಳೇ ಸಾಮಾನೆಲ್ಲ ಒಟ್ಟು ಮಾಡೋಣ ಅಂತ ಬೆಳಿಗ್ಗೆ ಶೆಡ್ಡು ತೆಗೆದೆ," ಎಂದಳು ಮಿರ್ಯಾ. "ಇದು ನಿನ್ನ ಹಿಮಜಾರು ಬೂಟಿನ ಪೆಟ್ಟಿಗೇಲಿತ್ತು. ನೀನೇ ಪೇಪರಲ್ಲಿ ಸುತ್ತಿಟ್ಟಿದ್ದೆ. ಅಮ್ಮ ಹೋಗೋ ಹಿಂದಿನ ದಿನದ, ಏಪ್ರಿಲ್ ಮೂವತ್ತರ ಪೇಪರು."

ಪಿಯಾ ಕಚ್ಚಿದ ಬನ್ನನ್ನು ಅಗಿಯದೆ ಬಾಯಲ್ಲೇ ಇಟ್ಟುಕೊಂಡಳು. ಕಾಡಿಗೆ ಹಾರಿದ ತುಂಡುಗಳನ್ನು ಯಾರೋ ಪುಣ್ಯಾತ್ಮ ಹೆಕ್ಕಿ, ಬೆಸೆದು, ಅಂಚೆಯಲ್ಲಿ ಕಳಿಸಿದ ಕಥೆಯೊಂದು ತೌನೊನ ನಾಲಗೆಯ ತುದಿಗೆ ಬಂತು. ಹೆಂಡತಿಯ ಮುಖ ನೋಡಿ ಅದನ್ನು ನುಂಗಿದ.

"ಕಲ್ಲು ಎಷ್ಟು ದೊಡ್ಡದಿತ್ತು?" ಎಂದಳು ಮಿರ್ಯಾ.

"ಬಟಾಣಿಯಷ್ಟು." ತೌನೊ ಬೆರಳ ತುದಿ ತೋರಿಸಿದ. "ಅಷ್ಟೂ ಇರ್ಲಿಲ್ಲ."

"ಜಾಲರಿ ಯಾಕೆ ಬಿಚ್ಚಿದೆ?"

"ಮೇ ಒಂದಕ್ಕೆ ಊರ ಚೌಕದಲ್ಲಿ ಎಲ್ಲರೂ ಬೈಕ್ ತಂದು ಮೆರೆಸ್ತಾರಲ್ಲ. ಹಿಂದಿನ ವರ್ಷ ಅಲ್ಲಿ ಜಾಲರಿ ನೋಡಿ ನಕ್ಕಿದ್ರು. ಹೆಂಡ್ತಿ ಕೋಳಿಗೂಡು ಕಟ್ಟಿಕೊಟ್ಟಿದ್ದಾಳೆ, ದಿನಕ್ಕೆಷ್ಟು ಮೊಟ್ಟೆ ಅಂತ ಕೇಳಿದ್ರು. ಒಂದು ದಿನದ ಮಟ್ಟಿಗೆ ಅಂತ ಬಿಚ್ಚಿಟ್ಟೆ."

"ಫೋನ್ ಬಂದಾಗ ನೀನಿನ್ನೂ ಮನೇಲೇ ಇದ್ದೆ."

"ಇದ್ದೆ."

"ನಾಲ್ಕು ಬೋಲ್ಟು."

"ಐದು ನಿಮಿಷದ ಕೆಲ್ಸ, ಗೊತ್ತು," ಎಂದ ತೌನೊ. "ನೀನು ಹೆಲ್ಮೆಟ್ ಹಿಡ್ಕೊಂಡು ಅಳ್ತಾ ಮೆಟ್ಟಿಲ ಮೇಲೆ ನಿಂತಿದ್ದೆ. ಆಗ ನಿನ್ನೆದುರೇ ಹಾಕೋಕೆ ಹೋದ್ರೆ, ಬಿಚ್ಚಿದ್ದೆ ಅನ್ನೋದು ನಿಂಗೆ ಗೊತ್ತಾಗುತ್ತೆ ಅಂತ ಹಾಕ್ಲಿಲ್ಲ."